ಬುದ್ಧಿ ಬರುವ ವಯಸ್ಸು ಯಾವುದು? ಬಳ್ಳಾರಿಯ ಇನ್ನೂರು ವರ್ಷದ ಲೆಕ್ಕ

"ಇವನಿಗೆ ಇನ್ನಾ ಬುದ್ಧಿ ಬಂದಿಲ್ಲ ನೋಡ್ರಿ."

ಹತ್ತನೇ ಕ್ಲಾಸಿನ ಹುಡುಗನ ಬಗ್ಗೆ ಈ ಮಾತು ಕುರುಗೋಡಿನಲ್ಲೂ ಕೇಳುತ್ತದೆ, ಸಿರುಗುಪ್ಪದಲ್ಲೂ ಕೇಳುತ್ತದೆ, ಬಳ್ಳಾರಿ ಪೇಟೆಯಲ್ಲೂ ಕೇಳುತ್ತದೆ. ಅದೇ ಓಣಿಯಲ್ಲಿ ಅದೇ ವಯಸ್ಸಿನ ಹುಡುಗಿಯ ಬಗ್ಗೆ ಮಾತು ಬೇರೆ: "ದೊಡ್ಡಾಕಿ ಆಗ್ಯಾಳ, ಮನಿ ನಡೆಸೋ ಬುದ್ಧಿ ಬಂದೈತಿ, ಇನ್ನ ವರ ನೋಡಬೇಕು." ಇಬ್ಬರಿಗೂ ಹದಿನಾರು ವರ್ಷ. ಒಬ್ಬನಿಗೆ ಬುದ್ಧಿ ಬಂದಿಲ್ಲ, ಇನ್ನೊಬ್ಬಳಿಗೆ ಬಂದಿದೆ!

ಹಾಗಾದರೆ ಬುದ್ಧಿ ಬರುವುದು ಯಾವಾಗ? ಇಲ್ಲಿ ನಾವು ಕೇಳುತ್ತಿರುವುದು ಮಾರ್ಕ್ಸು ತರುವ ಬುದ್ಧಿಯ ಬಗ್ಗೆ ಅಲ್ಲ. ಸಿಟ್ಟು ಬಂದರೂ ಕೈ ಎತ್ತದೆ ತಡೆದುಕೊಳ್ಳುವುದು, ಹೇಳಿದ ನಾಲ್ಕು ಕೆಲಸವನ್ನು ತಲೆಯಲ್ಲಿ ಹಿಡಿದು ಒಂದಾದ ಮೇಲೆ ಒಂದು ಮುಗಿಸುವುದು, ಹಾಕಿಕೊಂಡ ಲೆಕ್ಕ ತಪ್ಪಿದರೆ ದಾರಿ ಬದಲಿಸುವುದು. ಮನಃಶಾಸ್ತ್ರದವರು ಇದಕ್ಕೆ 'ಎಕ್ಸಿಕ್ಯೂಟಿವ್ ಫಂಕ್ಷನ್' ಎನ್ನುತ್ತಾರೆ, ಕನ್ನಡದಲ್ಲಿ 'ಕಾರ್ಯನಿರ್ವಾಹಕ ಸಾಮರ್ಥ್ಯ' ಎಂದು ಬರೆಯುತ್ತಾರೆ. ನಾವು ಸರಳವಾಗಿ 'ಹತೋಟಿ ಬುದ್ಧಿ' ಎನ್ನೋಣ. ತಡೆಯುವುದು, ತಲೆಯಲ್ಲಿ ಹಿಡಿಯುವುದು, ಬದಲಾಯಿಸುವುದು ಅದರ ಮೂರು ಭಾಗಗಳು.

ಈ ಬುದ್ಧಿ ಮಕ್ಕಳಲ್ಲಿ ಹೇಗೆ ಬೆಳೆಯುತ್ತದೆ ಎಂದು ವಿಜ್ಞಾನ ಅಳೆಯಲು ಶುರು ಮಾಡಿದ್ದು ಇತ್ತೀಚೆಗೆ. ಆದರೆ ಮಕ್ಕಳನ್ನು ಯಾವ ವಯಸ್ಸಿಗೆ ಕೂರಿಸಬೇಕು, ಹೇಗೆ ತಿದ್ದಬೇಕು, ಯಾವಾಗ ದೊಡ್ಡವರ ಸಾಲಿಗೆ ಸೇರಿಸಬೇಕು ಎಂಬ ಲೆಕ್ಕ ಬಹಳ ಹಳೆಯದು. ಆ ಲೆಕ್ಕದ ಒಂದು ಒಳ್ಳೆಯ ದಾಖಲೆ ನಮ್ಮ ಬಳ್ಳಾರಿಯದೇ.

1823ರ ವರದಿ

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮೊದಲು ಇಲ್ಲಿ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರ್ ಆದ. 1822ರಲ್ಲಿ ಆತ ಎಲ್ಲ ಜಿಲ್ಲೆಗಳ ಕಲೆಕ್ಟರರಿಗೆ ಒಂದು ಆದೇಶ ಕಳಿಸಿದ: ನಿಮ್ಮಲ್ಲಿ ಎಷ್ಟು ಶಾಲೆ ಇವೆ, ಎಷ್ಟು ಮಕ್ಕಳು ಕಲಿಯುತ್ತಾರೆ, ಲೆಕ್ಕ ಕೊಡಿ. ಬಂದ ಉತ್ತರಗಳಲ್ಲಿ ಹೆಚ್ಚು ವಿವರವಾದದ್ದು 1823ರ ಆಗಸ್ಟ್‌ನಲ್ಲಿ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಬರೆದದ್ದು. ಧರ್ಮಪಾಲ್ ಅವರು 1983ರಲ್ಲಿ ಹಳೆಯ ಶಾಲೆಗಳ ಬಗ್ಗೆ ಪುಸ್ತಕ ತಂದಾಗ ಈ ವರದಿ ಮತ್ತೆ ಎಲ್ಲರ ಕಣ್ಣಿಗೆ ಬಿತ್ತು.

ಆಗಿನ ಬಳ್ಳಾರಿ ಜಿಲ್ಲೆ ಈಗಿನ ಅನಂತಪುರವನ್ನೂ ಒಳಗೊಂಡಿತ್ತು. ಜನಸಂಖ್ಯೆ 9,27,857. ಶಾಲೆಗಳು 533. ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳು. ಇಂಗ್ಲಿಷ್ ಶಾಲೆ ಒಂದೇ ಒಂದು. ಕಲಿಯುತ್ತಿದ್ದ ಮಕ್ಕಳು 6,641. ಅವರಲ್ಲಿ ಹುಡುಗಿಯರು ಕೇವಲ 60. ಅಂದರೆ ಸಾವಿರ ಜನಕ್ಕೆ ಸುಮಾರು ಏಳು ಮಕ್ಕಳು ಮಾತ್ರ ಶಾಲೆಯಲ್ಲಿದ್ದರು.

ಮಗುವಿಗೆ ಐದು ವರ್ಷ ತುಂಬಿದಾಗ ಅಕ್ಷರಾಭ್ಯಾಸ. ಶಾಲೆಯ ಅಯ್ಯನವರನ್ನೂ ಮಕ್ಕಳನ್ನೂ ಮನೆಗೆ ಕರೆದು, ಗಣಪತಿ ಮುಂದೆ ಕೂರಿಸಿ, ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುತ್ತಿದ್ದರು. ಮರುದಿನದಿಂದ ಶಾಲೆ, ಬೆಳಿಗ್ಗೆ ಆರಕ್ಕೆ. ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಕಡತ ಎಂದರೆ ಗಂಜಿ ಹಾಕಿ ಗಟ್ಟಿ ಮಾಡಿ, ಇದ್ದಿಲು ಮತ್ತು ಅಂಟು ಬಳಿದು, ಪುಸ್ತಕದ ಹಾಗೆ ಮಡಚಿದ ಬಟ್ಟೆ. ನಾವು ಇವತ್ತು ಆಫೀಸಿನ ಫೈಲಿಗೆ 'ಕಡತ' ಎನ್ನುತ್ತೇವಲ್ಲ, ಅದೇ ಪದ.

ಮಗ್ಗಿ ಒಂದು ಕಡೆ, ಏಟು ಇನ್ನೊಂದು ಕಡೆ

ಈ ವರದಿಯನ್ನು ಹತೋಟಿ ಬುದ್ಧಿಯ ಕಣ್ಣಿನಿಂದ ಓದಿದರೆ ಎರಡು ಸಂಗತಿ ಕಾಣುತ್ತವೆ.

ಒಂದು, ಆ ಶಾಲೆಗಳು ಅಭ್ಯಾಸವನ್ನು ಗಟ್ಟಿಯಾಗಿ ಮಾಡಿಸುತ್ತಿದ್ದವು. ದಿನಕ್ಕೆ ಎರಡು ಸಲ ಮಕ್ಕಳು ಸಾಲಾಗಿ ನಿಂತು ಕೂಡುವ, ಗುಣಿಸುವ ಕೋಷ್ಟಕ, ಅಳತೆ, ತೂಕ ಎಲ್ಲವನ್ನೂ ಬಾಯಲ್ಲಿ ಹೇಳಬೇಕಿತ್ತು. ಭಿನ್ನರಾಶಿ ನಾಲ್ಕು ನಾಲ್ಕರ ಲೆಕ್ಕದಲ್ಲಿ ಇಳಿಯುತ್ತಿತ್ತು. ಕಾಲು ಎಂದರೆ ನಾಲ್ಕರಲ್ಲಿ ಒಂದು, ವೀಸ ಎಂದರೆ ಹದಿನಾರರಲ್ಲಿ ಒಂದು. ನಮ್ಮ ಅಜ್ಜಂದಿರು ಕಾಲು ಮಗ್ಗಿ, ಅರೆ ಮಗ್ಗಿ ಹೇಳುತ್ತಿದ್ದದ್ದು ಇದೇ ದಾರಿಯಲ್ಲಿ. ಸಂತೆಯಲ್ಲಿ ಪೆನ್ನಿಲ್ಲದೆ ಲೆಕ್ಕ ಮುಗಿಸುತ್ತಿದ್ದ ಹಿರಿಯರು ಒಂದು ಅಂಕಿಯನ್ನು ತಲೆಯಲ್ಲಿ ಹಿಡಿದು ಇನ್ನೊಂದನ್ನು ಗುಣಿಸುತ್ತಿದ್ದರು. 'ತಲೆಯಲ್ಲಿ ಹಿಡಿಯುವ' ಭಾಗ ಎಂದರೆ ಇದೇ.

ಇನ್ನೊಂದು ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಹೊಗಳಿದ್ದಾನೆ. ಮುಂದಿನ ತರಗತಿಯ ಮಕ್ಕಳು ಹಿಂದಿನವರಿಗೆ ಕಲಿಸುತ್ತಿದ್ದರು. ಚಿಕ್ಕವನಿಗೆ ಕಲಿಸುವಾಗ ದೊಡ್ಡವನ ಪಾಠವೂ ಗಟ್ಟಿಯಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಇದನ್ನು ಅನುಸರಿಸಿದ್ದು ಸರಿಯಾಗಿಯೇ ಇದೆ ಎಂದು ಆತ ಬರೆದ. ಮದರಾಸಿನಲ್ಲಿ ಈ ಕ್ರಮ ನಡೆಸಿ ನೋಡಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಬರಹ ಅಚ್ಚು ಹಾಕಿಸಿದ್ದ. ಕಲಿಸುವ ಹುಡುಗ ತಾಳ್ಮೆ ಹಿಡಿಯಬೇಕು, ಎದುರಿನವನ ತಪ್ಪು ಎಲ್ಲಿ ಎಂದು ನೋಡಬೇಕು, ಒಂದು ರೀತಿ ಅರ್ಥವಾಗದಿದ್ದರೆ ಇನ್ನೊಂದು ರೀತಿ ಹೇಳಬೇಕು. ತಡೆಯುವುದು, ಹಿಡಿಯುವುದು, ಬದಲಾಯಿಸುವುದು ಮೂರೂ ಅಲ್ಲಿವೆ.

ಎರಡನೆಯ ಸಂಗತಿ ಶಿಕ್ಷೆ. ಬೆಳಿಗ್ಗೆ ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದು ಸಣ್ಣ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದ ಹಾಗೆ ಒಂದೊಂದು ಹೆಚ್ಚು. ಸೋಮಾರಿ ಎನಿಸಿದವನನ್ನು ಎರಡೂ ಕೈ ಕಟ್ಟಿ ಸೂರಿಗೆ ತೂಗು ಹಾಕುವುದೂ ಇತ್ತು, ಬಸ್ಕಿ ಹೊಡೆಸುವುದೂ ಇತ್ತು. ಇದು ಕಠಿಣ ಎಂದು ಕ್ಯಾಂಪ್‌ಬೆಲ್‌ಗೂ ಅನಿಸಿತ್ತು.

ತಡವಾಗಿ ಬಂದವನು ಸೋಮಾರಿ ಎಂಬುದು ಆ ಪದ್ಧತಿಯ ತೀರ್ಮಾನ. ಮನೆಯಲ್ಲಿ ಎಮ್ಮೆ ಹೊರಗೆ ಕಟ್ಟಿ, ನೀರು ತಂದು ಬರಬೇಕಾದ ಹುಡುಗನಿಗೂ ಅದೇ ಲೆಕ್ಕ. ಐದು ವರ್ಷದ ಮಗುವಿಗೂ ಹದಿಮೂರರ ಹುಡುಗನಿಗೂ ಒಂದೇ ಅಳತೆ. 'ಇನ್ನೂ ಬೆಳೆಯಬೇಕಾದದ್ದು' ಮತ್ತು 'ಬೇಕಂತಲೇ ಮಾಡಿದ್ದು' ಇವೆರಡರ ನಡುವೆ ವ್ಯತ್ಯಾಸವೇ ಇರಲಿಲ್ಲ.

ವರದಿಯಲ್ಲಿ ಇನ್ನೊಂದು ಸಾಲಿನ ಸಂಗತಿ ಇದೆ, ಓದಿದರೆ ಇವತ್ತಿನದೇ ಅನಿಸುತ್ತದೆ. ಕೆಲವು ಮಕ್ಕಳು ಐದೇ ವರ್ಷ ಶಾಲೆಯಲ್ಲಿ ಇರುತ್ತಿದ್ದರು. ಬಡತನದಿಂದ ತಂದೆತಾಯಿ ಬಿಡಿಸುತ್ತಿದ್ದರು. ಐದಕ್ಕೆ ಸೇರಿದ ಮಗು ಹತ್ತಕ್ಕೆ ಹೊರಗೆ. ಅನುಕೂಲಸ್ಥರ ಮಕ್ಕಳು ಹದಿನಾಲ್ಕು ಹದಿನೈದು ವರ್ಷಗಳ ಕಾಲ ಕಲಿಯುತ್ತಿದ್ದದ್ದೂ ಉಂಟು.

ಕಾನೂನು ಎಳೆದ ಗೆರೆಗಳು

ಶಾಲೆ ಮಾಡದ ವ್ಯತ್ಯಾಸವನ್ನು ಮೊದಲು ಬರೆದಿಟ್ಟದ್ದು ಕಾನೂನು. 1860ರ ದಂಡಸಂಹಿತೆ ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ ಎಂದಿತು. ಏಳರಿಂದ ಹನ್ನೆರಡರ ಮಗುವಾದರೆ, ತಾನು ಮಾಡುವುದೇನು, ಅದರಿಂದ ಆಗುವುದೇನು ಎಂದು ತಿಳಿಯುವಷ್ಟು ಪಕ್ವವಾಗಿದೆಯೇ ನೋಡಬೇಕು ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಏಳು ಮತ್ತು ಹನ್ನೆರಡರ ಗೆರೆ ಹಾಗೇ ಉಳಿದಿದೆ.

ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಕೆಳಗಿತ್ತು. ತಪ್ಪು ಮಾಡಿದ ಮಕ್ಕಳನ್ನು ದೊಡ್ಡವರಂತೆ ನಡೆಸಿಕೊಳ್ಳಬಾರದು ಎಂದು ಪ್ರಾಂತ್ಯ ಮಟ್ಟದಲ್ಲಿ ದೇಶದ ಮೊದಲ ಮಕ್ಕಳ ಕಾಯ್ದೆ ತಂದದ್ದು ಮದರಾಸು, 1920ರಲ್ಲಿ. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆ ವಯಸ್ಸನ್ನು 14ಕ್ಕೆ ನಿಲ್ಲಿಸಿತು. ಅದು 18 ಆಗಲು 1978 ಬರಬೇಕಾಯಿತು.

ಮುಂದೆ ಗೆರೆ ಹಿಂದೆ ಮುಂದೆ ಸರಿಯುತ್ತಲೇ ಬಂತು. 1986ರ ಬಾಲನ್ಯಾಯ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18. 2000ದಲ್ಲಿ ಇಬ್ಬರಿಗೂ 18. 2012ರ ದೆಹಲಿ ಘಟನೆಯ ಸಿಟ್ಟಿನ ನಂತರ ಬಂದ 2015ರ ಕಾಯ್ದೆ, ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ಮಕ್ಕಳ ಮಾನಸಿಕ ಸಾಮರ್ಥ್ಯವನ್ನು ಬಾಲನ್ಯಾಯ ಮಂಡಳಿ ಪರಿಶೀಲಿಸಬೇಕು, ಬೇಕೆನಿಸಿದರೆ ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು ಎಂದಿತು. ಇದು ಸೂಕ್ಷ್ಮ ಕೆಲಸ, ಮನಃಶಾಸ್ತ್ರ ಬಲ್ಲವರ ನೆರವು ಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. "ಬುದ್ಧಿ ಬಂದಿದೆಯೇ?" ಎಂಬ ನಮ್ಮ ಕಟ್ಟೆಯ ಪ್ರಶ್ನೆಯ ಮೇಲೆ ಒಂದು ಮಗುವಿನ ಇಡೀ ಬದುಕು ನಿಲ್ಲಬಹುದು.

ಧಾರವಾಡದಲ್ಲಿ ಅಳೆದರು, ಬೆಂಗಳೂರಿನಲ್ಲಿ ಅಳೆದರು

ಮಕ್ಕಳ ಬುದ್ಧಿಯನ್ನು ವಯಸ್ಸಿನ ಪ್ರಕಾರ ಅಳೆಯುವ ಪರೀಕ್ಷೆ ಶುರುವಾದದ್ದು 1905ರಲ್ಲಿ, ಪ್ಯಾರಿಸಿನ ಆಲ್ಫ್ರೆಡ್ ಬಿನೆಯಿಂದ. ಅದನ್ನು ಕನ್ನಡದ ಮಕ್ಕಳಿಗೆ ತಂದವರು ಧಾರವಾಡದ ವಿ.ವಿ. ಕಾಮತ್. 1930ರ ದಶಕದಲ್ಲಿ ಅವರು ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆ ಪ್ರಯೋಗ ಮಾಡಿ, ಇಲ್ಲಿನ ಬದುಕಿಗೆ ಹೊಂದುವಂತೆ ಪ್ರಶ್ನೆಗಳನ್ನು ಬದಲಿಸಿದರು. 'ಬಿನೆ–ಕಾಮತ್ ಪರೀಕ್ಷೆ' ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಕೆಲವು ಅಂಕಿ ಹೇಳಿ ಅದನ್ನು ಹಿಂದುಮುಂದಾಗಿ ಹೇಳಿಸುವುದು ಇಂಥ ಪರೀಕ್ಷೆಗಳ ಒಂದು ಭಾಗ. ಚಿಕ್ಕ ಮಗುವಿಗೆ ಎರಡು ಮೂರು ಅಂಕಿಯೇ ಕಷ್ಟ. ವಯಸ್ಸಾದಂತೆ ಸಂಖ್ಯೆ ಏರುತ್ತದೆ.

ಹತೋಟಿ ಬುದ್ಧಿಯನ್ನೇ ಬಿಡಿಸಿ ನೋಡಿದ್ದು ಬೆಂಗಳೂರಿನ ನಿಮ್ಹಾನ್ಸ್. ಭೂಮಿಕಾ ಕರ್, ಶೋಬಿನಿ ರಾವ್ ಮತ್ತು ಜೊತೆಗಾರರು 5ರಿಂದ 15 ವರ್ಷದ 400 ಶಾಲಾ ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಮನ, ನೆನಪು, ಹತೋಟಿ ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಒಟ್ಟಾರೆ ನೋಡಿದರೆ 5ರಿಂದ 7ರವರೆಗೆ ನಿಧಾನ, 8ರಿಂದ 12ರವರೆಗೆ ಸ್ವಲ್ಪ ಬಿರುಸು, 13ರಿಂದ 15ರವರೆಗೆ ಮತ್ತೆ ನಿಧಾನ. ನಿಧಾನ ಎಂದರೆ ನಿಂತಿತು ಎಂದಲ್ಲ.

ಆ ಬೆಳವಣಿಗೆ ಎಲ್ಲಿ ನಡೆಯುತ್ತದೆ? ಹಣೆಯ ಹಿಂದಿರುವ ಮಿದುಳಿನ ಮುಂಭಾಗದಲ್ಲಿ ಮುಖ್ಯವಾಗಿ. 1999ರಲ್ಲಿ ಅಮೆರಿಕದ ಜೇ ಗೀಡ್ ಮತ್ತು ತಂಡ ಮಕ್ಕಳ ಮಿದುಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಒಂದು ಅಚ್ಚರಿ ಕಂಡರು. ಆ ಭಾಗದ ಬೂದು ಪದರ ಸುಮಾರು ಹನ್ನೊಂದು ಹನ್ನೆರಡರವರೆಗೆ ದಪ್ಪವಾಗುತ್ತದೆ, ಆಮೇಲೆ ತೆಳುವಾಗುತ್ತದೆ. ರೈತರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒತ್ತಾಗಿ ಎದ್ದ ಸಾಲಿನಲ್ಲಿ ಹೆಚ್ಚಿನ ಸಸಿ ಕಿತ್ತು ಉಳಿದದ್ದಕ್ಕೆ ಜಾಗ ಬಿಡುತ್ತೇವಲ್ಲ, ಹಾಗೆ. ಬಳಸಿದ ದಾರಿ ಗಟ್ಟಿಯಾಗುತ್ತದೆ, ಬಳಸದ್ದು ಕಳಚುತ್ತದೆ. ಈ ಕೆಲಸ ಇಪ್ಪತ್ತರ ಆಚೆಗೂ ನಡೆದಿರುತ್ತದೆ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆ ಅರ್ಧ ನಿಜ. ಚಿಕ್ಕಂದಿನ ಅಭ್ಯಾಸ ಮುಖ್ಯ, ಹೌದು. ಆದರೆ ಹದಿನೈದರ ಹುಡುಗ ಇನ್ನೂ ಮರವಾಗಿಲ್ಲ.

ಗೆಳೆಯರು ಜೊತೆಗಿದ್ದಾಗ

"ಒಬ್ಬನೇ ಇದ್ದಾಗ ಹೇಳಿದ ಮಾತು ಕೇಳ್ತಾನ, ದೋಸ್ತರು ಬಂದ್ರ ಮುಗೀತು" ಎನ್ನುವ ತಾಯಂದಿರ ಮಾತಿಗೂ ಆಧಾರವಿದೆ. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಹೆಚ್ಚು ಅಪಾಯ ತೆಗೆದುಕೊಂಡರು. 24 ದಾಟಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಹದಿನಾರರ ಹುಡುಗನಿಗೆ ಶಾಂತವಾಗಿ ಕೇಳಿದರೆ ಬೈಕಿನಲ್ಲಿ ಮೂರು ಜನ ಕೂತು ಓಡಿಸುವುದು ಅಪಾಯ ಎಂದು ಚೆನ್ನಾಗಿ ಹೇಳುತ್ತಾನೆ. ತಿಳಿವಳಿಕೆ ಇದೆ. ಸಿರುಗುಪ್ಪ ರಸ್ತೆಯಲ್ಲಿ ಹಿಂದೆ ಕೂತವರು "ಇನ್ನಾ ಜೋರು" ಎಂದಾಗ ಆ ತಿಳಿವಳಿಕೆಯನ್ನು ಹಿಡಿದು ನಿಲ್ಲಿಸುವ ಶಕ್ತಿ ಇನ್ನೂ ಬಲಿತಿಲ್ಲ. ಅದಕ್ಕೇ 2019ರ ಮೋಟಾರು ವಾಹನ ತಿದ್ದುಪಡಿ ಅಪ್ರಾಪ್ತರು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಎಂದಿತು. ಕೀಲಿ ಕೊಡುವವರು ದೊಡ್ಡವರು.

ಬಡವರ ಮಕ್ಕಳಿಗೆ ತಾಳ್ಮೆ ಇಲ್ಲವೇ?

1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಚಿಕ್ಕ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟರು. ಈಗಲೇ ತಿಂದರೆ ಒಂದೇ, ಸ್ವಲ್ಪ ಹೊತ್ತು ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು ಎಂಬ ಸುದ್ದಿ ಜಗತ್ತಿನಲ್ಲೆಲ್ಲ ಹರಡಿತು. ಆ ಮಕ್ಕಳಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಶಿಶುವಿಹಾರದವರು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿದರು. ಮನೆಯ ಸ್ಥಿತಿ, ತಾಯಿಯ ಓದು ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಕಾಯುವುದಕ್ಕೂ ಮುಂದಿನ ಓದಿಗೂ ಇದ್ದ ನಂಟು ಬಹಳ ಸಣ್ಣದಾಯಿತು.

ನಾಳೆ ಸಿಗುವ ಭರವಸೆ ಇಲ್ಲದ ಮನೆಯಲ್ಲಿ ಇವತ್ತೇ ತಿನ್ನುವುದು ದಡ್ಡತನವಲ್ಲ.

ದೊಡ್ಡವರಿಗೂ ಇದು ಸತ್ಯ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಾದ ಮೇಲೆ ಒಮ್ಮೆ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದೇ ರೈತ, ಅದೇ ಬುದ್ಧಿ. ಆದರೆ ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಗಮನ ಮತ್ತು ಹತೋಟಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಕಾಲುವೆಗೆ ನೀರು ಬರುತ್ತದೋ ಇಲ್ಲವೋ ಎಂದು ಕಾಯುವ ಭತ್ತದ ರೈತನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸಾಲದ ಚಿಂತೆ ಇಡೀ ಮನೆಯ ತಲೆ ತಿನ್ನುವಾಗ, ಅಲ್ಲಿರುವ ಮಗುವಿನ ತಲೆಯನ್ನು ಅದು ಬಿಟ್ಟೀತೇ?

ಮೆಣಸಿನಕಾಯಿ ಸೀಸನ್ನಿನಲ್ಲಿ

1823ರ ಬಳ್ಳಾರಿಯಲ್ಲಿ ಬಡವರ ಮಗು ಹತ್ತಕ್ಕೆ ಶಾಲೆ ಬಿಡುತ್ತಿತ್ತು. ಇವತ್ತು ಕಡ್ಡಾಯ ಶಿಕ್ಷಣದ ಹಕ್ಕು 6ರಿಂದ 14ರವರೆಗೆ. 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ದಾಟಿದವರನ್ನು ಅಪಾಯಕಾರಿ ಅಲ್ಲದ ಕೆಲಸಕ್ಕೆ ಬಿಡುತ್ತದೆ. ಅಂದರೆ ಬಳಸಿದ ದಾರಿ ಗಟ್ಟಿಯಾಗಿ ಬಳಸದ್ದು ಕಳಚುವ ಕಾಲದ ನಡುವೆಯೇ ಕಾನೂನಿನ ಆಸರೆ ಸಡಿಲವಾಗುತ್ತದೆ.

ಕುರುಗೋಡು, ಸಿರುಗುಪ್ಪ ಭಾಗದಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲವೂ ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಯಾರಿಯ ಕಾಲವೂ ಹತ್ತಿರ ಹತ್ತಿರ ಬರುತ್ತವೆ. ಕೂಲಿ ಸಿಗುವ ನಾಲ್ಕು ವಾರ ಬಿಟ್ಟರೆ ಮನೆ ನಡೆಯುವುದು ಕಷ್ಟ. ಇದು ನಮಗೂ ಗೊತ್ತು, ನಾವೂ ಇಂಥ ಮನೆಗಳಿಂದಲೇ ಬಂದವರು. ಆದರೆ ಆ ನಾಲ್ಕು ವಾರದ ಗೈರುಹಾಜರಿ ಫೇಲಿಗೆ, ಫೇಲು "ಇವನಿಗೆ ಓದು ಹತ್ತಲ್ಲ" ಎಂಬ ಮಾತಿಗೆ, ಆ ಮಾತು ಬಳ್ಳಾರಿಯ ಜೀನ್ಸ್ ಘಟಕಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ದಾರಿ ಮಾಡುತ್ತದೆ. ಹುಡುಗಿಯಾದರೆ ಮದುವೆಗೆ. ಇನ್ನೂ ಬಲಿಯುತ್ತಿರುವ ಬುದ್ಧಿಯ ಮೇಲೆ ಹದಿನಾರಕ್ಕೆ ಇಡೀ ಸಂಸಾರದ ಯೋಜನೆ ಹೊರಿಸುತ್ತೇವೆ.

ಹಾಗಾದರೆ ಏನು ಮಾಡಬಹುದು? 2011ರಲ್ಲಿ ಅಡೆಲ್ ಡೈಮಂಡ್ ಮತ್ತು ಕ್ಯಾಥ್ಲೀನ್ ಲೀ 4ರಿಂದ 12 ವರ್ಷದ ಮಕ್ಕಳ ಹತೋಟಿ ಬುದ್ಧಿ ಬೆಳೆಸುವ ವಿಧಾನಗಳನ್ನೆಲ್ಲ ಒಟ್ಟಿಗೆ ನೋಡಿದರು. ದಾರಿ ಹಲವು, ಗುಟ್ಟು ಒಂದೇ: ಮತ್ತೆ ಮತ್ತೆ ಅಭ್ಯಾಸ, ದಿನದಿನಕ್ಕೆ ಸ್ವಲ್ಪ ಕಠಿಣ. ಹಿಂದೆ ಬಿದ್ದ ಮಕ್ಕಳಿಗೇ ಲಾಭ ಹೆಚ್ಚು. ಇದಕ್ಕೆ ದುಡ್ಡಿನ ಆಪ್ ಬೇಕಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ನಗು ತಡೆಯಬೇಕು. ಖೋ ಖೋದಲ್ಲಿ ಕ್ಷಣದಲ್ಲಿ ತೀರ್ಮಾನ ಬದಲಿಸಬೇಕು. ಚೌಕಾಬಾರದಲ್ಲಿ ತನ್ನ ಕಾಯಿಯನ್ನೂ ಎದುರಾಳಿಯ ಕಾಯಿಯನ್ನೂ ತಲೆಯಲ್ಲಿ ಹಿಡಿಯಬೇಕು. ಹಂಪಿಯ ಕಲ್ಲುಹಾಸುಗಳ ಮೇಲೆ ಇಂಥ ಆಟದ ಮನೆಗಳನ್ನು ಕೊರೆದದ್ದು ಇವತ್ತಿಗೂ ಕಾಣುತ್ತದೆ. ಅಜ್ಜಿಯ ಜೊತೆ ಮೊಮ್ಮಗಳು ಅರ್ಧ ಗಂಟೆ ಆಡಿದರೆ ಅದೂ ಪಾಠವೇ. ಏಳನೇ ಕ್ಲಾಸಿನ ಅಕ್ಕ ಮೂರನೇ ಕ್ಲಾಸಿನ ತಮ್ಮನಿಗೆ ಮಗ್ಗಿ ಹೇಳಿಕೊಡಲಿ. ನಮ್ಮ ಸೀಮೆಯ ಹಳೆಯ ಶಾಲೆಯಿಂದ ಉಳಿಸಿಕೊಳ್ಳಬೇಕಾದದ್ದು ಇದು. ಬಿಡಬೇಕಾದದ್ದು ಏಟು. ಕಡ್ಡಾಯ ಶಿಕ್ಷಣ ಕಾಯ್ದೆ ಶಾಲೆಯಲ್ಲಿ ಅದನ್ನು ನಿಷೇಧಿಸಿದೆ. ಹೆದರಿದ ಮಗು ಸುಮ್ಮನೆ ಕೂರಬಹುದು, ತನ್ನನ್ನು ತಾನೇ ತಡೆಯಲು ಕಲಿಯುವುದಿಲ್ಲ.

ದೊಡ್ಡ ಮಕ್ಕಳಿಗೆ ಬೈಗುಳಕ್ಕಿಂತ ಊರುಗೋಲು ಬೇಕು. "ಓದ್ಕೋ" ಎಂದರೆ ಹದಿನೈದರ ಹುಡುಗನಿಗೆ ಎಲ್ಲಿಂದ ಶುರು ಮಾಡಬೇಕೆಂದು ತೋಚುವುದಿಲ್ಲ. ಇವತ್ತು ಎರಡು ಪಾಠ, ನಾಳೆ ಎರಡು ಎಂದು ಕೂತು ಬರೆದುಕೊಟ್ಟರೆ ಮಾಡುತ್ತಾನೆ. ಕೂಲಿಗೆ ಹೋಗಲೇಬೇಕಾದರೆ ಮೇಷ್ಟ್ರಿಗೆ ಮೊದಲೇ ಹೇಳಿ, ತಪ್ಪಿದ ಪಾಠದ ಪಟ್ಟಿ ಕೇಳಿ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಮೊದಲನೆಯದರಲ್ಲಿ ಫೇಲಾದ ದಿನವೇ ಬ್ಯಾಗು ಕಟ್ಟಿಸಬೇಡಿ.

1823ರಲ್ಲಿ ಐದೇ ವರ್ಷಕ್ಕೆ ಶಾಲೆ ಬಿಟ್ಟ ಹುಡುಗರ ಹೆಸರು ಕ್ಯಾಂಪ್‌ಬೆಲ್‌ನ ವರದಿಯಲ್ಲಿ ಇಲ್ಲ. ಈ ವರ್ಷ ನಿಮ್ಮ ಓಣಿಯಲ್ಲಿ ಶಾಲೆ ಬಿಡುವ ಹುಡುಗ ಯಾರು, ಮದುವೆಗೆ ತಯಾರಾಗುತ್ತಿರುವ ಹುಡುಗಿ ಯಾರು ಎಂದು ನಿಮಗೆ ಗೊತ್ತಿರುತ್ತದೆ. ಅವರ ಮನೆಗೆ ಒಮ್ಮೆ ಹೋಗಿ ಮಾತಾಡಿ. ಮಾತಿನಿಂದ ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅದಕ್ಕೆ ದುಡ್ಡು ಹತ್ತುವುದಿಲ್ಲ.